ಮದುವೆಗೆ ನಾಲ್ಕು ದಿನ ಮೊದಲು ಘಾಟಿ ದಾರಿಯಲ್ಲಿ

ಬುಧವಾರ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟೆ. ಹೊಸಕೋಟೆಯಲ್ಲಿ ಗ್ರಂಥಾಲಯದವರ ಮೀಟಿಂಗ್ ಇದೆ ಎಂದು ಹೇಳಿದ್ದೆ. ಮೀಟಿಂಗ್ ಇರಲಿಲ್ಲ. ನಾನು ಹೊರಟದ್ದು ಘಾಟಿ ಸುಬ್ರಹ್ಮಣ್ಯದ ಕಡೆಗೆ, ಮನೆಯವರಿಗೆ ತಿಳಿಯದ ಹಾಗೆ ನಡೆಯಬೇಕಾಗಿದ್ದ ಒಂದು ಮದುವೆಗೆ. ಮದುವೆ ನನ್ನ ಮಗಳದೇ. ಅದೇ ಹುಡುಗನ ಜೊತೆ ಬರುವ ಭಾನುವಾರ ಹೊಸಕೋಟೆಯ ಛತ್ರದಲ್ಲಿ ಅವಳ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಹಂಚಿ ಮುಗಿದಿತ್ತು, ಅಡುಗೆಯವರು ಸಾಮಾನಿನ ಪಟ್ಟಿ ಕೊಟ್ಟಿದ್ದರು. ಆದರೂ ಅವರಿಬ್ಬರೂ ನಾಲ್ಕು ದಿನ ಮೊದಲೇ ಓಡಿಹೋಗಿ ಮದುವೆಯಾಗುವುದೆಂದು ತೀರ್ಮಾನ ಮಾಡಿದ್ದರು. ನನ್ನನ್ನೂ ಕರೆದಿದ್ದರು.

ನಾನು ಜಯಮ್ಮ. ಜಡಿಗೇನಹಳ್ಳಿ ಹತ್ತಿರದ ಒಂದು ಊರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಪ್ರವಾಸದ ಪುಸ್ತಕಗಳದೇ ಒಂದು ಸಾಲಿದೆ. ಕಾಶಿಗೆ ಹೋದವರು, ಹಿಮಾಲಯ ಹತ್ತಿದವರು, ಹಡಗಿನಲ್ಲಿ ಸುತ್ತಿದವರು ಬರೆದದ್ದು. ಎಲ್ಲವನ್ನೂ ಓದಿದ್ದೇನೆ. ನಾನು ಒಬ್ಬಳೇ ಮಾಡಿದ ಪ್ರಯಾಣ ಎಂದರೆ ಇದೊಂದೇ. ಹೋಗುವುದಕ್ಕೆ ಎಂಬತ್ತು ಕಿಲೋಮೀಟರ್ ಇದ್ದೀತು. ಸಂಜೆಗೆ ವಾಪಸ್ಸು ಬಂದೆ.

ಯಾಕೆ ಓಡಿಹೋಗಬೇಕಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಚೈತ್ರಳಿಗೆ ನಾಲ್ಕು ವರ್ಷವಿದ್ದಾಗ ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡರು. ಅವರ ತಮ್ಮ ಮುನಿರಾಜು, ತಮ್ಮನ ಹೆಂಡತಿ ರತ್ನಮ್ಮ ನಮ್ಮಿಬ್ಬರನ್ನು ಕೈಬಿಡಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಚೈತ್ರಳನ್ನು ಶಾಲೆಗೆ ಸೇರಿಸಿದ್ದು, ಜ್ವರ ಬಂದಾಗ ಎತ್ತಿಕೊಂಡು ಓಡಿದ್ದು, ನರ್ಸಿಂಗ್ ಓದಿಸಿದ್ದು ಎಲ್ಲ ಮುನಿರಾಜುವೇ. ದೇವನಹಳ್ಳಿಯ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು, ಅಲ್ಲೇ ಹಾಸ್ಟೆಲಿನಲ್ಲಿದ್ದಳು. ದೊಡ್ಡಬಳ್ಳಾಪುರದ ಕಡೆಯ ಹರೀಶನ ಪರಿಚಯವಾದದ್ದೂ ಅಲ್ಲೇ. ಹುಡುಗ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಜಾತಿ, ಕುಲ ಎಲ್ಲ ಕೂಡಿಬಂತು. ಎರಡೂ ಮನೆಯವರು ಸಂತೋಷದಿಂದ ಒಪ್ಪಿದರು.

ಮಾತುಕತೆಯ ದಿನ ನಮ್ಮ ಮನೆ ಜಗಲಿಯ ಮೇಲೆ ಎಲ್ಲರೂ ಕೂತಿದ್ದಾಗ ಹರೀಶನ ಅಜ್ಜಿ ಕೇಳಿದರು: "ಧಾರೆ ಯಾರು ಎರೀತಾರೆ?"

ಹುಡುಗ ಹುಡುಗಿಯ ಕೈ ಜೋಡಿಸಿ, ಅದರ ಮೇಲೆ ಹೆಣ್ಣು ಹೆತ್ತವರು ಹಾಲು ನೀರು ಬಿಡುವುದೇ ಧಾರೆ. ನಮ್ಮಲ್ಲಿ ಅದಾದರೇನೇ ಮದುವೆ.

ಯಾರೂ ಬಾಯಿ ತೆರೆಯುವ ಮೊದಲೇ ಚೈತ್ರ, "ನಮ್ಮಮ್ಮ" ಎಂದಳು.

"ಜೋಡಿ ಇರೋರು ಎರೀಬೇಕು ಕಣಮ್ಮ" ಎಂದರು ಅಜ್ಜಿ. ಜೋರು ಮಾಡಲಿಲ್ಲ, ಮೆತ್ತಗೇ ಹೇಳಿದರು. "ನಿನ್ನ ಬಾಳು ಚೆನ್ನಾಗಿರ್ಲಿ ಅಂತ ಹೇಳ್ತಿರೋದು."

ಚೈತ್ರ ಚಿಕ್ಕಪ್ಪನ ಮುಖ ನೋಡಿದಳು. ನಾನೂ ನೋಡಿದೆ. ಮುನಿರಾಜು ನೆಲ ನೋಡುತ್ತಾ ಕೂತಿದ್ದರು. ಒಳಗೆ ಕಾಫಿ ಸೋಸುತ್ತಿದ್ದ ರತ್ನಮ್ಮ ಆಮೇಲೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು. "ಅಕ್ಕಾ, ನಾನೇನು ಅವಳಿಗೆ ತಾಯಿ ಅಲ್ವಾ?" ಅಲ್ಲ ಎಂದು ಹೇಗೆ ಹೇಳಲಿ? "ನೀವೇ ಎರೀರಿ" ಎಂದೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಚೈತ್ರಳಿಗೆ ಮುಗಿದಿರಲಿಲ್ಲ. ಮುಂದಿನ ಸಲ ರಜೆಗೆ ಬಂದಾಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಮ್ಮ, ನಾನೂ ಹರೀಶನೂ ಓಡಿಹೋಗ್ತೀವಿ" ಎಂದಳು.

"ತಲೆಗಿಲೆ ಕೆಟ್ಟಿದ್ಯಾ? ಗೊತ್ತಾಗಿರೋ ಗಂಡಿನ ಜೊತೆ ಯಾರಾದ್ರೂ ಓಡಿಹೋಗ್ತಾರಾ?"

"ನಾವು ಹೋಗ್ತೀವಿ. ಘಾಟಿ ಹತ್ರ ಒಂದು ಆಂಜನೇಯನ ಗುಡಿ ಇದೆ. ನೀನು ಬಂದು ಧಾರೆ ಎರಿ. ಭಾನುವಾರ ಅವರಿಗೆ ಹೆಂಗೆ ಬೇಕೋ ಹಂಗೆ ಮಾಡ್ಕೊಳ್ಲಿ. ನಂಗೆ ಮಾತ್ರ ನೀನು ಎರೆದಿದ್ದೇ ಮದ್ವೆ."

ಬೇಡ ಅಂದೆ. ಮೂರು ವಾರ ಬೇಡ ಅಂದೆ. ನಾಲ್ಕನೆಯ ವಾರ, ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಹೀಗೆ ಆ ಬುಧವಾರ ಬಂತು. ಜಡಿಗೇನಹಳ್ಳಿಗೆ ನಡೆದು ಹೋಗಿ ಬಸ್ಸು ಹಿಡಿಯುವುದೆಂದುಕೊಂಡಿದ್ದೆ. ಅಂಗಳ ದಾಟುವಷ್ಟರಲ್ಲಿ ಮುನಿರಾಜು ಬೈಕು ಹೊರಗೆ ತಂದರು. "ಬನ್ನಿ ಅತ್ತಿಗೆ, ನಾನೇ ಹೊಸಕೋಟೆಗೆ ಬಿಡ್ತೀನಿ. ಛತ್ರದೋರ ಹತ್ರ ಮಾತಾಡೋದಿದೆ." ಬೇಡ ಎನ್ನಲು ಕಾರಣ ತೋಚಲಿಲ್ಲ. ನನ್ನ ಬ್ಯಾಗನ್ನು ಟ್ಯಾಂಕಿನ ಮೇಲಿಡಲು ತೆಗೆದುಕೊಂಡು, "ಏನಿದು ಇಷ್ಟು ಭಾರ?" ಎಂದರು.

"ರಿಜಿಸ್ಟರ್ರು" ಎಂದು ಬ್ಯಾಗನ್ನು ವಾಪಸ್ಸು ಕಿತ್ತುಕೊಂಡ ಹಾಗೆ ತೆಗೆದುಕೊಂಡೆ. ಒಳಗೆ ಇದ್ದದ್ದು ನನ್ನ ಮದುವೆಯ ತಾಮ್ರದ ಚೊಂಬು, ಒಂದು ರೇಷ್ಮೆ ಸೀರೆ.

ಮಾಘದ ಬೆಳಗು, ಗಾಳಿ ಇನ್ನೂ ತಣ್ಣಗಿತ್ತು. ಹೊಸಕೋಟೆಗೆ ಹದಿನಾಲ್ಕು ಕಿಲೋಮೀಟರ್. ದಾರಿಯುದ್ದಕ್ಕೂ ಮುನಿರಾಜು ಮದುವೆಯ ಮಾತೇ ಆಡಿದರು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಒಂದು ಕಡೆ ರಸ್ತೆ ಉಬ್ಬಿಗೆ ಬೈಕು ನಿಧಾನ ಮಾಡಿದಾಗ, "ಅತ್ತಿಗೆ, ಧಾರೆ ಎರೆಯೋವಾಗ ಕೈ ನಡುಗಿದ್ರೆ ಏನು ಮಾಡೋದು?" ಎಂದು ಕೇಳಿದರು. "ನಗಬೇಡಿ. ಒಂದು ವಾರದಿಂದ ದಿನಾ ಬೆಳಿಗ್ಗೆ ತುಳಸಿ ಗಿಡಕ್ಕೆ ಚೊಂಬಲ್ಲಿ ನೀರು ಬಿಟ್ಟು ನೋಡ್ತಿದೀನಿ. ಒಂದೇ ಎಳೆಯಾಗಿ ಬೀಳ್ಬೇಕಂತೆ, ಮಧ್ಯೆ ತುಂಡಾಗಬಾರ್ದಂತೆ. ಅಣ್ಣ ಇದ್ದಿದ್ರೆ ನಾನು ಆರಾಮಾಗಿ ಊಟಕ್ಕೆ ಬಡಿಸ್ಕೊಂಡು ಇರ್ತಿದ್ದೆ."

ನನಗೆ ನಗು ಬಂದಿರಲಿಲ್ಲ. ಇಳಿದುಬಿಡಬೇಕು ಅನ್ನಿಸಿತ್ತು. ಹೇಳಿಬಿಡಬೇಕು ಎಂದೂ ಅನ್ನಿಸಿತು. ಆದರೆ ಜಗಲಿಯ ಮೇಲೆ ನೆಲ ನೋಡುತ್ತಿದ್ದ ಅವರ ಮುಖ ನೆನಪಾಗಿ ಬ್ಯಾಗನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

ಹೊಸಕೋಟೆಯಲ್ಲಿ ಬೆಳಗಿನ ಬಿರಿಯಾನಿ ತಿಂದು ಬೆಂಗಳೂರಿಗೆ ವಾಪಸ್ಸಾಗುವವರ ಕಾರುಗಳು ರಸ್ತೆ ತುಂಬಿದ್ದವು. ಮುನಿರಾಜು ಬಲವಂತ ಮಾಡಿ ಇಡ್ಲಿ ತಿನ್ನಿಸಿದರು. "ಮೀಟಿಂಗಲ್ಲಿ ಎಷ್ಟೊತ್ತಾಗುತ್ತೋ ಏನೋ" ಎಂದು ಒಂದು ನೀರಿನ ಬಾಟಲಿ ಕೊಡಿಸಿದರು. ತಾಲ್ಲೂಕು ಕಚೇರಿಯ ಗೇಟಿನ ಮುಂದೆ ನನ್ನನ್ನು ಇಳಿಸಿ ಹೋದರು. ನಾನು ಗೇಟಿನೊಳಗೆ ಹೋಗಿ ಬೇವಿನ ಮರದ ಕೆಳಗೆ, ಪಹಣಿಗೆ ಬಂದವರ ಸಾಲಿನ ಪಕ್ಕ, ಹತ್ತು ನಿಮಿಷ ಸುಮ್ಮನೆ ನಿಂತೆ. ನಲವತ್ತೇಳು ವರ್ಷದ ಹೆಂಗಸು, ಕಾಲೇಜು ತಪ್ಪಿಸಿಕೊಂಡ ಹುಡುಗಿಯ ಹಾಗೆ. ಆಮೇಲೆ ಬಸ್ ನಿಲ್ದಾಣಕ್ಕೆ ನಡೆದೆ.

ಎಂಟೂ ಮುಕ್ಕಾಲಿಗೆ ದೇವನಹಳ್ಳಿ ಬಸ್ಸು ಹೊರಟಿತು. ಸರ್ಕಾರಿ ಬಸ್ಸು, ಆಧಾರ್ ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ, ಸೊನ್ನೆ ಎಂದು ಬರೆದ ಚೀಟಿ ಹರಿದು ಕೊಡುತ್ತಾರೆ. ಕಿಟಕಿ ಪಕ್ಕದಲ್ಲಿ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಗೋದಾಮುಗಳು, ಆಮೇಲೆ ನೀಲಗಿರಿ ತೋಪು, ಆಮೇಲೆ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು. ನಡುನಡುವೆ ಬರೀ ಕಲ್ಲು ನೆಟ್ಟ ಬಯಲು, ಲೇಔಟಿನ ಹೆಸರು ಬರೆದ ಕಮಾನು.

ಸೂಲಿಬೆಲೆಯಲ್ಲಿ ಒಬ್ಬ ಹೆಂಗಸು ಸೊಪ್ಪಿನ ಮೂಟೆ ಸಮೇತ ಹತ್ತಿ ನನ್ನ ಪಕ್ಕ ಕೂತರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಕೂತ ತಕ್ಷಣ ಕೇಳಿದರು, "ಎಲ್ಲಿಗವ್ವ?"

ಬೆಳಗಿನಿಂದ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಈಯಮ್ಮ ನನ್ನನ್ನು ಮತ್ತೆ ನೋಡುವವರಲ್ಲ. "ಮಗಳ ಮದುವೆಗೆ" ಎಂದೆ.

"ಯಾವತ್ತು?"

"ಇವತ್ತೇ. ಮಧ್ಯಾಹ್ನ."

ಆಕೆ ನನ್ನ ಬರೀ ಹಣೆ ನೋಡಿದರು, ಬರೀ ಕೈ ನೋಡಿದರು, ಕಾಲ ಬಳಿಯ ಬ್ಯಾಗು ನೋಡಿದರು. "ಮಗಳ ಮದ್ವೆಗೆ ಒಬ್ಳೇ ಬಸ್ನಲ್ಲಿ ಹೋಗ್ತಿದ್ದೀಯಾ?"

"ಎಲ್ಲಾ ಮುಂದೆ ಹೋಗವ್ರೆ" ಎಂದೆ. ನಿಜ ಹೇಳಲು ಹೋಗಿ ಕೊನೆಗೆ ಅದಕ್ಕೂ ಒಂದು ಸುಳ್ಳು ಸೇರಿಸಬೇಕಾಯಿತು.

"ಒಳ್ಳೇದಾಗ್ಲಿ" ಎಂದು ಆಕೆ ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಕೊತ್ತಂಬರಿ ತೆಗೆದು ನನ್ನ ಮಡಿಲಿಗೆ ಹಾಕಿದರು. ಮದುವೆ ಮನೆಗೆ ಬರಿಗೈಲಿ ಕಳಿಸಬಾರದಂತೆ. ನಾನು ಕಿಟಕಿ ಕಡೆ ತಿರುಗಿ ಕೂತೆ.

ದೇವನಹಳ್ಳಿ ತಲುಪಿದಾಗ ಒಂಬತ್ತೂ ಮುಕ್ಕಾಲು. ತಲೆಯ ಮೇಲೆ ವಿಮಾನ ಒಂದರ ಹಿಂದೊಂದು ಇಳಿಯುತ್ತಿದ್ದವು. ನಿಲ್ದಾಣದಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಬಸ್ಸು ನಿಂತಿತ್ತು. ಹತ್ತಲು ಕಾಲೆತ್ತಿದೆ, ಆಗಲಿಲ್ಲ. ಹಿಂದೆ ನಿಂತವರು, "ಹತ್ತಮ್ಮ, ಇಲ್ಲಾಂದ್ರೆ ಜಾಗ ಬಿಡು" ಎಂದರು. ಜಾಗ ಬಿಟ್ಟೆ. ಬಸ್ಸು ಹೋಯಿತು. ಚಕ್ಕೋತ ಹಣ್ಣು ಗುಡ್ಡೆ ಹಾಕಿಕೊಂಡವನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ.

ನನ್ನನ್ನು ತಡೆದದ್ದು ಹರೀಶನ ಅಜ್ಜಿಯ ಮಾತಲ್ಲ, ಊರವರ ಮಾತೂ ಅಲ್ಲ. ಆ ಮಾತು ನನ್ನೊಳಗೂ ಇತ್ತು. ನನ್ನ ಗಂಡ ಹೋದ ವರ್ಷ ನನ್ನ ಕಾಲ್ಗುಣ ಎಂದವರಿದ್ದರು. ನಾನು ಅವರ ಜೊತೆ ಜಗಳವಾಡಿದ್ದೆ. ಲೈಬ್ರರಿಗೆ ಬರುವ ಹುಡುಗಿಯರಿಗೆ, ಇದೆಲ್ಲ ಮೂಢನಂಬಿಕೆ ಎಂದು ನಾನೇ ಹೇಳುತ್ತೇನೆ. ಆದರೆ ಹರೀಶ ದಿನಾ ಬೈಕಿನಲ್ಲಿ ಹಳ್ಳಿ ಹಳ್ಳಿ ಓಡಾಡುವವನು. ನಾಳೆ ಏನಾದರೂ ಆದರೆ, ನಾನು ಎರೆದ ನೀರು ನನಗೆ ನೆನಪಾಗದೆ ಇರುತ್ತದೆಯೇ? ಆ ಬೆಂಚಿನ ಮೇಲೆ ಅರ್ಧ ಗಂಟೆ ಇದನ್ನೇ ಯೋಚಿಸಿದೆ. ಎದುರಿಗೆ ಹೊಸಕೋಟೆಗೆ ವಾಪಸ್ಸು ಹೋಗುವ ಬಸ್ಸು ಬಂದು ನಿಂತಿತು. ಎದ್ದೂ ನಿಂತೆ.

ಫೋನು ಬಂತು. ಚೈತ್ರ. "ಎಲ್ಲಿದ್ದೀಯಮ್ಮ?"

"ದೇವನಹಳ್ಳಿ."

"ಇನ್ನೂ ದೇವನಹಳ್ಳಿನಾ?" ಆಮೇಲೆ ಬೇರೆಯೇ ದನಿಯಲ್ಲಿ, "ಬರ್ತೀಯ ತಾನೇ?" ಎಂದಳು. ಒಂದನೇ ಕ್ಲಾಸಿನಲ್ಲಿ ಶಾಲೆಯ ಬಾಗಿಲಲ್ಲಿ ಬಿಟ್ಟು ಬರುವಾಗ ಹೀಗೇ ಕೇಳುತ್ತಿದ್ದಳು.

"ಬರ್ತೀನಿ" ಎಂದೆ. ಮುಂದಿನ ಬಸ್ಸಿಗೆ ಮೊದಲು ಹತ್ತಿದವಳು ನಾನೇ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ ಇಪ್ಪತ್ತು ಕಿಲೋಮೀಟರ್. ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ನಡೆದಿತ್ತು. ಬಲಗಡೆ ನಂದಿಬೆಟ್ಟ ಬಹಳ ಹೊತ್ತು ಜೊತೆಗೇ ಬಂತು. ಊರು ತಲುಪಿದಾಗ ಹನ್ನೊಂದು ದಾಟಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಹಿಂದಿನ ಬೀದಿಗಳಿಂದ ಮಗ್ಗಗಳ ಸದ್ದು ಎಡೆಬಿಡದೆ ಕೇಳುತ್ತಿತ್ತು. ಅಲ್ಲಿ ಒಂದು ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಒಂದು ಪ್ಯಾಕೆಟ್ ಹಾಲು ತೆಗೆದುಕೊಂಡೆ. ಹೂವಿನವಳು ಮಾರು ಹಾಕುತ್ತಾ, "ದೇವ್ರಿಗಾ, ಮುಡಿಯೋಕಾ?" ಎಂದಳು. "ಮದುಮಗಳಿಗೆ" ಎಂದೆ. ಒಂದು ಗುಲಾಬಿ ಹೆಚ್ಚಿಗೆ ಇಟ್ಟಳು.

ಘಾಟಿ ಬಸ್ಸು ಹರಕೆ ತೀರಿಸಲು ಹೊರಟವರಿಂದ ತುಂಬಿತ್ತು. ನಿಂತೇ ಹೋದೆ. ಘಾಟಿಗೆ ಎರಡು ಕಿಲೋಮೀಟರ್ ಮೊದಲೇ ಒಂದು ಅರಳಿಮರದ ಹತ್ತಿರ ಇಳಿಯಲು ಚೈತ್ರ ಹೇಳಿದ್ದಳು. ಇಳಿದೆ. ಬೈಕಿನ ಪಕ್ಕ ಇಬ್ಬರೂ ನಿಂತಿದ್ದರು. ಚೈತ್ರ ಹಳದಿ ಸೀರೆ ಉಟ್ಟಿದ್ದಳು, ಸೆರಗನ್ನು ತಾನೇ ಪಿನ್ ಮಾಡಿಕೊಂಡಿದ್ದಳು, ಒಂದು ಕಡೆ ಎಳೆದ ಹಾಗಿತ್ತು. ಹರೀಶ ಬಿಳಿ ಶರ್ಟು, ಬಿಳಿ ಪಂಚೆ. ಪಂಚೆಗೆ ಬೈಕಿನ ಎಣ್ಣೆ ಮೆತ್ತಿಕೊಂಡಿತ್ತು. ನನ್ನ ಕಾಲಿಗೆ ಬಿದ್ದು, "ಅತ್ತೆ, ನೀವು ಬರಲ್ಲ ಅಂತ ಇವಳು ಹತ್ತು ಸಲ ಅತ್ತಳು" ಎಂದ.

ಗುಡಿ ಹೊಲದ ಮಧ್ಯೆ ಇತ್ತು. ನಾಲ್ಕು ಕಂಬ, ಒಂದು ಹೆಂಚಿನ ಸೂರು. ಗುಡಿಯ ಹಿಂದಕ್ಕೆ ಹೋಗಿ ನಾನು ಸೀರೆ ಬದಲಾಯಿಸಿದೆ. ಮಗಳ ಸೆರಗು ಸರಿಮಾಡಿ ಹೂವು ಮುಡಿಸಿದೆ. ಅರ್ಚಕರು ಸೈಕಲ್ ಸ್ಟ್ಯಾಂಡ್ ಹಾಕಿ ಬಂದು, ನಮ್ಮ ಮೂವರನ್ನೂ ನೋಡಿ, ಇನ್ನೂ ಯಾರಾದರೂ ಬರುವವರಿದ್ದಾರೋ ಎಂದು ರಸ್ತೆ ಕಡೆ ನೋಡಿದರು.

"ಧಾರೆ ಎರೆಯೋರು?"

"ಅಮ್ಮ" ಎಂದಳು ಚೈತ್ರ.

ಅವರು ನನ್ನ ಹಣೆ ನೋಡಿದರು. ಗಂಟಲು ಸರಿಮಾಡಿಕೊಂಡರು. "ದಂಪತಿಗಳು ಯಾರೂ ಇಲ್ವೇನಮ್ಮ? ಅಕ್ಕಪಕ್ಕದೋರು?"

"ಇಲ್ಲ ಸ್ವಾಮಿ" ಎಂದೆ. "ನಾನೊಬ್ಳೇ."

ಅವರು ಆಂಜನೇಯನ ಕಡೆ ಒಮ್ಮೆ ನೋಡಿ, ಗಡಿಯಾರ ನೋಡಿಕೊಂಡರು. "ತಂದೆ ಇಲ್ಲ ಅಂದ್ಮೇಲೆ ತಾಯಿ ತಾನೇ? ಕೂತ್ಕೊಳ್ಳಿ. ಅಭಿಜಿನ್ ಮುಹೂರ್ತ ಮೀರಿಹೋಗುತ್ತೆ. ನಂಗೆ ಒಂದೂವರೆಗೆ ಒಂದು ಸೈಟಿನ ಪೂಜೆನೂ ಇದೆ."

ಇಷ್ಟು ಸಲೀಸಾಗಿ ಆಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಓಲಗ ಇಲ್ಲ, ಅಂತರಪಟ ಹಿಡಿಯುವವರಿಲ್ಲ. ನನ್ನದೇ ಟವಲನ್ನು ಕಂಬದಿಂದ ಕಂಬಕ್ಕೆ ಕಟ್ಟಿದ್ದಾಯಿತು. ಪಕ್ಕದ ಹೊಲದ ಬೋರ್‌ವೆಲ್ ಮೋಟರು ಓಡುತ್ತಿತ್ತು. ಕುರಿ ಮೇಯಿಸುತ್ತಿದ್ದ ಒಬ್ಬಾಕೆ ಕೋಲಿಗೆ ಗಲ್ಲ ಊರಿಕೊಂಡು ದೂರದಿಂದ ನೋಡುತ್ತಿದ್ದಳು.

ಅರ್ಚಕರು ಸಂಕಲ್ಪ ಹೇಳುತ್ತಾ ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಕನ್ಯಾಪಿತೃವಿನ ಹೆಸರು?"

ಗಂಡನ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅವರಿದ್ದಾಗ ಹೇಳುವ ಪದ್ಧತಿ ಇರಲಿಲ್ಲ. ಹೋದ ಮೇಲೆ ಕಚೇರಿಗಳಲ್ಲಿ ಬರೆದುಕೊಟ್ಟೆ, ಇಲ್ಲವೇ ಮುನಿರಾಜು ಹೇಳಿದರು. ಚೈತ್ರ ಹೇಳಲು ಬಾಯಿ ತೆರೆದಳು. ನಾನು ಅವಳ ತೋಳು ಹಿಡಿದೆ.

"ನಾರಾಯಣಪ್ಪ" ಎಂದೆ. ಗುಡಿ ಚಿಕ್ಕದು, ದನಿ ದೊಡ್ಡದಾಗಿ ಕೇಳಿಸಿತು. ಅರ್ಚಕರು ಅದನ್ನು ಮಂತ್ರದೊಳಗೆ ಸೇರಿಸಿ ಮೂರು ಸಲ ಹೇಳಿದರು.

ಆಮೇಲೆ ಚೊಂಬು ಎತ್ತಿದೆ. ಮಕ್ಕಳಿಬ್ಬರ ಕೈಗಳೂ ತೆಂಗಿನಕಾಯಿ ಹಿಡಿದು ನನ್ನ ಮುಂದಿದ್ದವು. ಚೈತ್ರಳ ಕೈಬೆರಳಲ್ಲಿ ಆಸ್ಪತ್ರೆಯ ಸ್ಪಿರಿಟ್ಟಿಗೆ ಒಡೆದ ಚರ್ಮ. ಹಾಲು ನೀರು ಬಿಟ್ಟೆ. ನನ್ನ ಕೈ ನಡುಗಿತು. ಎಳೆ ನಡುವೆ ತುಂಡಾಯಿತು, ಮತ್ತೆ ಬಿಟ್ಟೆ. ಅರ್ಚಕರು ಮಂತ್ರ ಮುಂದುವರಿಸಿದರು. ಹರೀಶ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಚೈತ್ರಳ ಕೊರಳಿಗೆ ಕಟ್ಟಿದ. ಅಕ್ಷತೆ ಹಾಕಲು ನಾನು, ಅರ್ಚಕರು ಇಬ್ಬರೇ. ಎರಡು ಕೈಯಲ್ಲೂ ತುಂಬಿಕೊಂಡು ಹಾಕಿದೆ.

ಬಹಳ ಸಂತೋಷವಾಗುತ್ತದೆ, ಇಪ್ಪತ್ತೊಂದು ವರ್ಷದ ಭಾರ ಇಳಿಯುತ್ತದೆ ಎಂದುಕೊಂಡು ಹೋಗಿದ್ದೆ. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದನ್ನು ಯಾರಿಗೆ ತೋರಿಸುವುದು? ತಲೆಯೆತ್ತಿ ಸುತ್ತ ನೋಡಿದೆ. ಬರೀ ಉತ್ತ ಹೊಲ. ಅಲ್ಲಿ ನನಗೆ ಬೇಕಾಗಿದ್ದವರು ತೀರಿಕೊಂಡ ಗಂಡ ಎಂದು ನೀವು ಅಂದುಕೊಳ್ಳಬಹುದು. ನನ್ನ ಕಣ್ಣು ಹುಡುಕಿದ್ದು ಮುನಿರಾಜುವನ್ನು, ರತ್ನಮ್ಮಳನ್ನು. ಚೈತ್ರಳ ಪ್ರತಿಯೊಂದು ಹುಟ್ಟುಹಬ್ಬಕ್ಕೂ, ಪ್ರತಿಯೊಂದು ರಿಸಲ್ಟಿಗೂ ನನ್ನ ಪಕ್ಕ ನಿಂತಿದ್ದವರು ಅವರೇ ತಾನೇ.

ಅಲ್ಲಿಂದ ಘಾಟಿಗೆ ನಾನು ಆಟೋದಲ್ಲಿ, ಅವರು ಬೈಕಿನಲ್ಲಿ ಹೋದೆವು. ಸುಬ್ರಹ್ಮಣ್ಯನ ಹಿಂಬದಿಯ ನರಸಿಂಹ ಕನ್ನಡಿಯಲ್ಲಿ ಕಾಣುತ್ತಾನೆ ಎಂದು ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನನಗೆ ಮುಂದಿನವರ ಹೆಗಲು ಕಂಡಿತು. ಹೊರಗೆ ಒಂದು ಹೋಟೆಲಿನಲ್ಲಿ ಅನ್ನ, ಹುರುಳಿಕಾಳಿನ ಸಾರು, ಹಪ್ಪಳ ತಿಂದೆವು. ಅದೇ ಮದುವೆ ಊಟ. ಅವರಿಬ್ಬರೂ ಒಂದೇ ಐಸ್‌ಕ್ರೀಮಿಗೆ ಎರಡು ಚಮಚ ಹಾಕಿಕೊಂಡು ಏನೋ ಪಿಸುಗುಟ್ಟಿ ನಗುತ್ತಿದ್ದರು. ನಾನು ಕೈತೊಳೆಯುವ ನೆಪದಲ್ಲಿ ಎದ್ದು ನಾಗರಕಲ್ಲುಗಳ ಕಡೆ ಹೋದೆ. ಸಾಲುಸಾಲಾಗಿ ನೂರಾರು ಕಲ್ಲು, ಪ್ರತಿಯೊಂದೂ ಮಗು ಬೇಕೆಂದು ಯಾರೋ ನೆಟ್ಟದ್ದು. ರತ್ನಮ್ಮನೂ ಇಲ್ಲಿ ಒಂದು ಕಲ್ಲು ನೆಟ್ಟಿದ್ದಾಳೆ, ಮದುವೆಯಾಗಿ ಆರನೇ ವರ್ಷ. ಅದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ಎಲ್ಲಕ್ಕೂ ಒಂದೇ ಅರಿಶಿನ.

ಹೊರಡುವಾಗ ಚೈತ್ರ ಕೊರಳಿನ ದಾರ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಹಾಕಿಕೊಂಡು ಮನೆಗೆ ಬರುವ ಹಾಗಿರಲಿಲ್ಲ. "ಅಮ್ಮ, ಖುಷಿ ಆಯ್ತಾ?" ಎಂದು ಕೇಳಿದಳು. "ಆಯ್ತು ಮಗಳೇ" ಎಂದೆ. ಹಾಸ್ಟೆಲು ಖಾಲಿ ಮಾಡಿ ಸಂಜೆ ಬರುತ್ತೇನೆ ಎಂದು ಬೈಕು ಹತ್ತಿದಳು. ತಿರುವಿನವರೆಗೂ ಹಿಂತಿರುಗಿ ಕೈ ಬೀಸುತ್ತಲೇ ಇದ್ದಳು.

ವಾಪಸ್ಸು ಬರುವ ದಾರಿಯಲ್ಲಿ ಹೇಳುವಂಥದ್ದೇನೂ ಇಲ್ಲ. ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಸೀರೆ ಬದಲಾಯಿಸಿದೆ. ದೇವನಹಳ್ಳಿಯಲ್ಲಿ ಬಸ್ಸು ಬೇಗ ಸಿಕ್ಕಿತು. ಸೂಲಿಬೆಲೆ ದಾಟುವಾಗ ಮುನಿರಾಜು ಫೋನು ಮಾಡಿದರು. "ಮೀಟಿಂಗ್ ಮುಗೀತಾ ಅತ್ತಿಗೆ? ಹೂವಿನೋನ ಹತ್ರ ಮಾತಾಡೋಕೆ ಮತ್ತೆ ಹೊಸಕೋಟೆಗೆ ಬಂದಿದ್ದೆ. ಬಸ್‌ಸ್ಟ್ಯಾಂಡ್ ಹತ್ರ ಇರ್ತೀನಿ, ಬನ್ನಿ ಒಟ್ಟಿಗೆ ಹೋಗೋಣ."

ಇನ್ನೊಂದು ಸುಳ್ಳು ಹೊಳೆಯಲಿಲ್ಲ. ಹುಡುಕಲೂ ಇಲ್ಲ.

ಸಂಜೆ ನಾಲ್ಕೂವರೆಗೆ ಹೊಸಕೋಟೆಯಲ್ಲಿ ಇಳಿದೆ. ಅವರು ಎದುರಿಗೇ ನಿಂತಿದ್ದರು. ಬಸ್ಸಿನ ಬೋರ್ಡು ಓದಿದರು, ನನ್ನನ್ನು ನೋಡಿದರು. ತಲೆ ಬಾಚಿಕೊಂಡಿದ್ದೆ, ಆದರೂ ಒಂದೆರಡು ಅಕ್ಷತೆ ಉಳಿದಿತ್ತೇನೋ. ಅವರ ಕಣ್ಣು ನನ್ನ ಕೂದಲ ಮೇಲೆ ನಿಂತಿತು. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. ಜಿಪ್ಪು ಅರ್ಧ ತೆರೆದಿತ್ತು. ಅರಿಶಿನ ಮೆತ್ತಿದ ಚೊಂಬು, ಅದರ ಕೊರಳಲ್ಲಿ ಕೊರೆದ ಅವರ ಅಣ್ಣನ ಹೆಸರು.

"ಘಾಟಿ ಹತ್ರ ಒಂದು ಗುಡಿ" ಎಂದೆ. "ಚೈತ್ರಂಗೆ ನಾನು ಧಾರೆ ಎರೆದು ಬಂದೆ."

ಜನ ನಮ್ಮಿಬ್ಬರ ನಡುವೆ ನುಗ್ಗಿ ಬಸ್ಸು ಹತ್ತುತ್ತಿದ್ದರು. ಮುನಿರಾಜು ನಿಧಾನವಾಗಿ ಜಿಪ್ಪು ಎಳೆದು ಮುಚ್ಚಿದರು.

"ಊಟ ಮಾಡಿದ್ರಾ?" ಎಂದರು.

"ಹೂಂ."

"ರತ್ನಂಗೆ ಗೊತ್ತಾಗೋದು ಬೇಡ."

ಅಷ್ಟೇ. ಬೆಳಿಗ್ಗೆ ಅಷ್ಟು ಮಾತಾಡಿದವರು ಹದಿನಾಲ್ಕು ಕಿಲೋಮೀಟರಿನುದ್ದಕ್ಕೂ ತುಟಿ ಬಿಚ್ಚಲಿಲ್ಲ. ನಾನು ಅವರ ಬೆನ್ನು ನೋಡುತ್ತಾ ಬಂದೆ. ಆಮೇಲಿನ ಮೂರು ದಿನವೂ ಹಾಗೇ. ಚಪ್ಪರ ಹಾಕಿಸಿದರು, ನೆಂಟರನ್ನು ಎದುರುಗೊಂಡರು, ಎಲ್ಲರ ಜೊತೆ ನಗುನಗುತ್ತಾ ಇದ್ದರು. ನನ್ನ ಎದುರಿಗೆ ಬಂದಾಗ ಏನಾದರೂ ಕೆಲಸ ನೆನಪಿಸಿಕೊಂಡು ತಿರುಗಿ ಹೋದರು. ಹೇಳಿಬಿಡುತ್ತಾರೋ, ಧಾರೆ ಎರೆಯಲ್ಲ ಎಂದು ಕೂತುಬಿಡುತ್ತಾರೋ ಎಂದು ಮೂರು ದಿನವೂ ಹೆದರಿದೆ. ಚೈತ್ರಳಿಗೆ ಇದನ್ನು ತಿಳಿಸಲಿಲ್ಲ. ಮದುಮಗಳ ಮುಖ ಬಾಡಬಾರದು.

ಭಾನುವಾರ ಛತ್ರದಲ್ಲಿ ಸಾವಿರ ಜನ. ನಾನು ಹೆಣ್ಣಿನ ಕೋಣೆಯಲ್ಲಿ ಒಡವೆಯ ಪೆಟ್ಟಿಗೆಗಳನ್ನು ಕಾಯುತ್ತಾ ಕೂತಿದ್ದೆ. ಮುಹೂರ್ತದ ಹೊತ್ತಿಗೆ ರತ್ನಮ್ಮ ಹೊಸ ಸೀರೆಯ ನೆರಿಗೆ ಎತ್ತಿಕೊಂಡು ಓಡಿಬಂದಳು. "ಅಕ್ಕಾ, ಇಲ್ಲಿ ಯಾಕೆ ಕೂತಿದ್ದೀಯಾ? ಬಾ, ಆ ಕಂಬದ ಹತ್ರ ನಿಂತ್ಕೋ. ಅಲ್ಲಿಂದ ಚೆನ್ನಾಗಿ ಕಾಣುತ್ತೆ." ಕೈ ಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಿದಳು. ಅಲ್ಲಿಂದ ನೋಡಿದೆ. ಓಲಗ ಮೊಳಗಿತು. ರತ್ನಮ್ಮ ಚೊಂಬಿನಿಂದ ಬಿಟ್ಟಳು, ಮುನಿರಾಜು ಅವಳ ಕೈಯ ಕೆಳಗೆ ಕೈ ಕೊಟ್ಟರು. ಒಂದೇ ಎಳೆಯಾಗಿ ಬಿತ್ತು, ಎಲ್ಲೂ ತುಂಡಾಗಲಿಲ್ಲ. ರತ್ನಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಚೈತ್ರಳೂ ಅತ್ತಳು. ಆ ಅಳು ಆಟದ್ದಲ್ಲ. ಚಿಕ್ಕಮ್ಮನ ಕೊರಳಿಗೆ ಬಿದ್ದು ಅವಳು ಅಳುವುದನ್ನು ನೋಡಿದಾಗ, ನನ್ನದೇ ನಿಜವಾದ ಮದುವೆ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಎರಡೂ ನಿಜವಾಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಹೆಣ್ಣು ಕಳಿಸಿಕೊಟ್ಟೆವು. ಕಾರು ಹೋದ ಮೇಲೆ ರತ್ನಮ್ಮಳನ್ನು ನೆಂಟರು ಒಳಗೆ ಕರೆದುಕೊಂಡು ಹೋದರು. ನಾನು, ಮುನಿರಾಜು ಹಿಂಬಾಗಿಲಲ್ಲಿ ಟೆಂಪೋಗೆ ಪಾತ್ರೆ ತುಂಬಿಸುತ್ತಿದ್ದೆವು. ಒಂದು ದೊಡ್ಡ ಹಂಡೆಯನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದು ಎತ್ತಿದೆವು. ಅದನ್ನು ಮೇಲಿಟ್ಟು, ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಾ, ಬುಧವಾರದ ನಂತರ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಅಷ್ಟು ದೂರ ಒಬ್ರೇ ಹೋದ್ರಾ ಅತ್ತಿಗೆ?"

"ಹೂಂ."

"ಹೇಳಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ."

ಜಗಲಿಯ ಮೇಲೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಕಣ್ಣು ನೋಡಿದರೆ ಆ ಮಾತು ನಿಜ ಎಂದು ಗೊತ್ತಾಗುತ್ತಿತ್ತು. ಊರಿನ ಎದುರಿಗೆ ಅವರ ಬಾಯಿಂದ ಹೊರಡದೇ ಇದ್ದದ್ದು, ನಾವಿಬ್ಬರೇ ಇದ್ದಾಗ ಹೊರಡುತ್ತಿತ್ತೇನೋ. ನಾನು ಒಂದು ಸಲ ಕೇಳಿದ್ದರೆ ಸಾಕಾಗಿತ್ತು. ಎಂಬತ್ತು ಕಿಲೋಮೀಟರ್ ಹೋಗುವ ಧೈರ್ಯ ನನಗಿತ್ತು, ಅವರನ್ನು ಕೇಳುವ ಧೈರ್ಯ ಇರಲಿಲ್ಲ.

ಅವರು ಮುಂದೆ ಹೋಗಿ ಡ್ರೈವರ್ ಪಕ್ಕ ಕೂತರು. ಅಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ನಾನು ಹಿಂದೆ ಪಾತ್ರೆಗಳ ನಡುವೆ, ರಸ್ತೆಗೆ ಮುಖ ಮಾಡಿ ಕೂತೆ. ಟೆಂಪೋ ಹೊರಟಿತು. ಛತ್ರದ ಬಾಗಿಲಿಗೆ ಕಟ್ಟಿದ್ದ ಬಾಳೆಕಂದನ್ನು ಯಾರೋ ಆಗಲೇ ಬಿಚ್ಚುತ್ತಿದ್ದರು.